ಅಗಲವಿಲ್ಲದ ಅಕ್ಷರ

ಹೊಸಂಗಡಿಯಲ್ಲಿ ಬೇಕರಿಯ ಮಾಳಿಗೆ ಮೇಲೆ ನನ್ನ ಕೋಣೆ.
ರಾತ್ರಿ ಹನ್ನೊಂದಕ್ಕೆ ಕೆಳಗೆ ಒಲೆ ಆರಿದ ಮೇಲೂ
ನೆಲ ಬೆಚ್ಚಗೆ. ಅಲ್ಲಿ ಚಕ್ಕಳಮಕ್ಕಳ ಕೂತು
ಯಾರದೂ ಅಲ್ಲದ, ಯಾರು ಬೇಕಾದರೂ ಒಯ್ಯಬಹುದಾದ
ಒಂದು ಡೇಟಾಬೇಸಿನ ಸೆರಗಿಗೆ
ಹನ್ನೊಂದು ಸಾಲು ಕೋಡು ಹೊಲಿಯುತ್ತಿದ್ದೆ.

ಶುರುವಾದದ್ದು ಬೀಡಿ ಸಂಘದ ಪಟ್ಟಿಯಿಂದ.
ಪಾವೂರಿನ ತುಕ್ರು ಅದರಲ್ಲಿ ಮೂವರು.
ಕನ್ನಡದಲ್ಲಿ ಒಬ್ಬಳು, ಮಲಯಾಳದಲ್ಲಿ ಇಬ್ಬರು.
ಮೂವರೂ ಶುಕ್ರವಾರವೇ ಹುಟ್ಟಿದವರು,
ಮೂವರ ಹೆಬ್ಬೆಟ್ಟೂ ಒಂದೇ,
ಪಿಂಚಣಿ ಮಾತ್ರ ಒಬ್ಬಳಿಗೂ ಇಲ್ಲ.

ಕನ್ನಡದ ಪಾವೂರು ಕೊನೆಯ ಉಕಾರ ಬಿಟ್ಟುಕೊಡುವುದಿಲ್ಲ;
ಮಲಯಾಳದ ಪಾವೂರ್ ಅದನ್ನು ಹಲ್ಲಲ್ಲೇ ಕಚ್ಚಿ ನಿಲ್ಲಿಸುತ್ತದೆ.
ನಮ್ಮ ತುಳು ನಾಲಗೆಗೋ ಅರ್ಧ ಉಕಾರ ಸಾಕು.
ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಚಿಲ್ಲು ರಕಾರವನ್ನು
ಎರಡು ಬಗೆಯಲ್ಲಿ ಒತ್ತಬಹುದು ಎಂದು ತಿಳಿದದ್ದು
ಮೂರನೆಯ ರಾತ್ರಿ. ಒಂದು ಬಗೆಯಲ್ಲಿ ಅದು ಒಂದೇ ಗುರುತು.
ಇನ್ನೊಂದರಲ್ಲಿ ಮೂರು, ಮೂರನೆಯದಕ್ಕೆ ಅಗಲವೇ ಇಲ್ಲ.
ಕಾಣುವುದಿಲ್ಲ. ದಾಟುವಾಗ ಕರ್ಸರ್
ನಿಂತಲ್ಲೇ ಒಮ್ಮೆ ನಿಂತು ಹೋಗುತ್ತದೆ.
ಕಣ್ಣಿಗೆ ಒಂದೇ ಊರು, ಯಂತ್ರಕ್ಕೆ ಎರಡು.
ನಡುವೆ ತಲಪಾಡಿಯ ಗೇಟಿನ ಹಾಗೆ ಒಂದು ಏನೂ ಇಲ್ಲದ್ದು.

ಕಳಿಸಿದೆ. ಒಂಬತ್ತು ದಿನಕ್ಕೆ ಉತ್ತರ ಬಂತು
ಯಾರ್ಕೊ ಎಂಬವನಿಂದ (ಹೆಸರೇ ಪ್ರಶ್ನೆಯ ಹಾಗೆ):
"ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್ ಇದೆ.
ಅಕ್ಷರ ಅಕ್ಷರಕ್ಕೂ ಮೆಮೊರಿ ಬೇಡಬೇಡಿ, ಒಮ್ಮೆಗೇ ಕೇಳಿ.
ಇಂಥ ಹೆಸರು ನಿಜವಾಗಿಯೂ ಉಂಟೇ? ಟೆಸ್ಟ್ ಬರೆಯಿರಿ."

ಭಾನುವಾರ ಪಟ್ಟಿ ಹಿಡಿದು ತುಕ್ರಕ್ಕನಲ್ಲಿಗೆ ಹೋದೆ.
ಮಡಿಲಲ್ಲಿ ಮೊರ. ಎಲೆ, ಕತ್ತರಿ, ನೂಲು.
ನಾನು ಹೇಳುತ್ತ ಹೋದೆ, ಬೆರಳು ಸುತ್ತುತ್ತ ಹೋಯಿತು.
"ಅಂದರೆ ತಿರುಗಿ ಕಳಿಸಿದ. ನಮ್ಮ ಚೆಕ್ಕರನೂ ಹಾಗೆಯೇ.
ಕಟ್ಟು ಬಿಚ್ಚಿ, ಮೂಗಿನ ತುದಿಗೆ ಹಿಡಿದು, ಸಾವಿರಕ್ಕೆ ಐವತ್ತು
ಬುಟ್ಟಿಗೆ ಎಸೆಯುತ್ತಾನೆ. ಎಸೆದದ್ದಕ್ಕೆ ಕೂಲಿ ಇಲ್ಲ.
ನಿನಗೆ ಸಾಲಿಗೆ ಎಷ್ಟು?"
"ಏನೂ ಇಲ್ಲ."
"ಸರಿಯಾದದ್ದಕ್ಕೂ?"
"ಸರಿಯಾದದ್ದಕ್ಕೂ."
ಆಗ ನಿಂತಿತು ಬೆರಳು.
"ಮತ್ತೆ ಎಂತಕ್ಕೆ ಮಾರಾಯ್ತಿ?
ಎಲೆಯಾದರೂ ಅವರೇ ಕೊಡುತ್ತಾರಾ?"

ಟೆಸ್ಟಿನಲ್ಲಿ ಅವಳ ಹೆಸರನ್ನೇ ಹಾಕಿದೆ, ಅವಳನ್ನು ಕೇಳಿಯೇ.
ಮೂರು ಬರಹ, ಒಂದು ಉತ್ತರ.
ಇಂಡೆಕ್ಸಿಗೆ ಇನ್ನೂ ಒಂದು ಬೇಕಿತ್ತು: ಆಣೆ.
ಈ ಫಂಕ್ಷನ್ ಮಾತು ತಪ್ಪದು, ಇವತ್ತು ಹೇಳಿದ್ದನ್ನೇ
ನಾಳೆಯೂ ಹೇಳುತ್ತದೆ ಎಂದು
ಒಂದೇ ಪದದಲ್ಲಿ ಬರೆದುಕೊಡಬೇಕು.
ಕಿಟಕಿಯಾಚೆ ಬಸ್ ನಿಲ್ದಾಣದ ಬೋರ್ಡು.
ಹೊಸ ಬಣ್ಣದ ಅಡಿಯಿಂದ ಹಿಂದಿನ ಬರಹ
ಇಣುಕುತ್ತಿತ್ತು, ಉಕಾರದ ಕೊಂಬು ಮಾತ್ರ.
ತುಂಬ ಹೊತ್ತು ಕೈ ಓಡಲಿಲ್ಲ.
ಕೆಳಗೆ ನಾಳೆಯ ಹಿಟ್ಟು ನಾದುವ ಸದ್ದು ಶುರುವಾದಾಗ
ಬರೆದುಕೊಟ್ಟೆ.

ನಾಲ್ಕನೆಯ ಸಲಕ್ಕೆ ಯಾರ್ಕೊ ಒಪ್ಪಿದ.
ಹನ್ನೊಂದು ಸಾಲು ಏಳಕ್ಕೆ ಇಳಿದಿತ್ತು,
ಅದರಲ್ಲಿ ಎರಡು ಅವನವೇ, ನನ್ನವಕ್ಕಿಂತ ಚೆಂದ.
ಈಗ ಎಲ್ಲೆಲ್ಲಿಯ ಯಾರು ಯಾರೋ ಆ ಕೋಡನ್ನು
ಇಳಿಸಿಕೊಂಡು ಪರೀಕ್ಷಿಸುವಾಗೆಲ್ಲ
ಒಮ್ಮೆ ತುಕ್ರಕ್ಕನನ್ನು ಕರೆಯುತ್ತಾರೆ.
ಮೂರು ಬಗೆಯಲ್ಲಿ ಕರೆದರೂ
ಅವಳೊಬ್ಬಳೇ ಓ ಎನ್ನುತ್ತಾಳೆ.

ಸಂಘದ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ಆವೃತ್ತಿ.
"ಸುಮ್ಮನೆ ಮಲಗಿದ್ದನ್ನು ಕೆಣಕುವುದು ಬೇಡ" ಎನ್ನುತ್ತಾರೆ
ಸೆಕ್ರೆಟರಿ ವಾಮನ ಶೆಟ್ಟಿಗಾರರು.
ನಾಳೆ ಪೆನ್‌ಡ್ರೈವ್ ಹಿಡಿದು ಮತ್ತೆ ಹೋಗುತ್ತಿದ್ದೇನೆ.
ತುಕ್ರಕ್ಕನೂ ಬರುತ್ತಾಳಂತೆ,
ಇವತ್ತಿನ ಸಾವಿರ ಮುಗಿದರೆ,
ಹತ್ತೂವರೆಯ ಬಸ್ಸಿಗೆ.